ಏಳು ಜನರ ಕ್ಲಾಸಲ್ಲಿ ಲಾಸ್ಟ್ ಬೆಂಚ್ ಇರಲ್ಲ

ನಮಸ್ಕಾರ, ಓಲಾ! ಆಟೋ ಬುಕ್ ಮಾಡ್ತಿಲ್ಲ ರೀ, ಸ್ಪ್ಯಾನಿಷಲ್ಲಿ ನಮಸ್ಕಾರ ಹೇಳಿದೆ. ಈ ಜೋಕು ಪ್ರತಿ ಎಪಿಸೋಡಲ್ಲೂ ಬರುತ್ತೆ, ಸಹಿಸ್ಕೊಳ್ಳಿ.

ಕಳೆದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ. "ಅಕ್ಕಾ, ಅಮೆರಿಕಾಗೆ ಹೋಗಿ ಯಾವುದೋ ಪುಟ್ಟ ಯೂನಿವರ್ಸಿಟಿಲಿ ಸ್ಪ್ಯಾನಿಷ್ ಓದಿದ್ರಾ? ದುಡ್ಡು ದಂಡ. ಫೋನಲ್ಲಿ ಆಪ್ ಫ್ರೀ ಇದೆ." ಅದಕ್ಕೆ ಲೈಕೋ ಲೈಕು. ನನ್ನ ಕಾಫಿ ಆರಿ ಹೋಯ್ತು.

ಸ್ವಾಮಿ, ಒಂದೇ ಮಾತು ಹೇಳ್ತೀನಿ. ನಮ್ಮ ಕ್ಲಾಸಲ್ಲಿ ಇದ್ದದ್ದು ಏಳು ಜನ. ಏಳು ಜನರ ಕ್ಲಾಸಲ್ಲಿ ಲಾಸ್ಟ್ ಬೆಂಚ್ ಇರಲ್ಲ.

ಎರಡನೇ ವಾರ. "ಮೆ ಗುಸ್ತಾ ಎಲ್ ಕಫೆ" ಅಂತ ಪಾಠ. ಇಂಗ್ಲಿಷ್ ಮಾತಾಡೋ ಹುಡುಗರು ಒದ್ದಾಡ್ತಿದಾರೆ. "ನಾನು" ಅನ್ನೋ ಕರ್ತೃ ಎಲ್ಲಿ ಹೋಯ್ತು, ಕಾಫಿ ಯಾಕೆ ಆ ಜಾಗಕ್ಕೆ ಬಂತು ಅಂತ. ನಾನು ಸುಮ್ನೆ ನಗ್ತಾ ಕೂತಿದ್ದೆ. ಮೇಡಂ ಹಿಡಿದುಬಿಟ್ರು. ಯಾಕೆ ನಗು? ಎದ್ದು ಬೋರ್ಡ್ ಮೇಲೆ ಬರೆದೆ: "ನನಗೆ ಕಾಫಿ ಇಷ್ಟ." ಅದೇ ರೀ! "ಮೆ ದುವೆಲೆ ಲಾ ಕಬೇಸಾ", ನನಗೆ ತಲೆ ನೋಯುತ್ತೆ. "ಆಬ್ಲೊ" ಅಂದ್ರೆ ಸಾಕು, "ಮಾತಾಡ್ತೀನಿ". ನಾನು ಅನ್ನೋದು ಬೇಕೇ ಇಲ್ಲ. "ತೂ", "ಉಸ್ತೆದ್" ಅಂದ್ರೆ ನೀನು, ನೀವು. ಅವತ್ತು ಇಡೀ ಕ್ಲಾಸಿಗೆ ಕನ್ನಡ ವ್ಯಾಕರಣದ ಪಾಠ ಆಯ್ತು. ನಿಮ್ಮ ಆಪ್ ನಾನು ನಕ್ಕಿದ್ದನ್ನ ನೋಡ್ತಿತ್ತಾ? ದೊಡ್ಡ ಯೂನಿವರ್ಸಿಟಿಯ ಇನ್ನೂರು ಜನರ ಕ್ಲಾಸ್‌ರೂಮಲ್ಲಿ ಯಾರು ನೋಡ್ತಿದ್ರು?

(ಇದರ ಮೇಲೆ ಪೂರ್ತಿ ಒಂದು ವಿಡಿಯೋ ಇದೆ, ಮೇಲೆ ಕಾಣ್ತಿದೆಯಲ್ಲ, ಒತ್ತಿ. ಈಗಲ್ಲ, ಇದು ಮುಗಿದ ಮೇಲೆ.)

"ಭಾಷೆ ಸರಿ, ಸಂಸ್ಕೃತಿ ಯೂಟ್ಯೂಬಲ್ಲಿ ಸಿಗುತ್ತೆ" ಅಂತೀರಾ? ನವೆಂಬರ್ 1 ಮತ್ತು 2, ಮೆಕ್ಸಿಕೋದಲ್ಲಿ ಸತ್ತವರ ದಿನ. ನಮ್ಮ ಕ್ಲಾಸಲ್ಲಿ ನಾವು ಏಳು ಜನ ಕಾಗದದಲ್ಲಿ ಚೆಂಡು ಹೂವು ಮಾಡಿ, ಅವರವರ ಹಿರಿಯರ ಫೋಟೋ ಇಟ್ವಿ. ನಾನು ನಮ್ಮಜ್ಜಿದು ಇಟ್ಟೆ, ಪಕ್ಕಕ್ಕೆ ಒಂದು ಲೋಟ ಕಾಫಿ. ಪಿತೃಪಕ್ಷದ ಎಡೆ ಥರಾನೇ. ಆಗ ಮೇಡಂ ಹೇಳಿದ್ದು: ಈ ಹೂವಿನ ತವರೇ ಮೆಕ್ಸಿಕೋ. ಆಯುಧಪೂಜೆಗೆ ಗಾಡಿಗೆ ಕಟ್ತೀವಲ್ಲ, ಅದೇ ಚೆಂಡು ಹೂವು! ಟೊಮೆಟೋನೂ ಅಲ್ಲಿಂದ ಬಂದಿದ್ದೇ, ಹೆಸರು ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆದು. ಇತ್ತ ನಮ್ಮ ಕಡೆಯ ಶರ್ಕರ ಪರ್ಷಿಯನ್ನು, ಅರಬ್ಬಿ ದಾಟಿ ಸ್ಪೇನಲ್ಲಿ "ಅಸೂಕಾರ್" ಆಯ್ತು. ನಮ್ಮ ಸಕ್ಕರೆಯ ದಾಯಾದಿ. ಅಜ್ಜಿ ಫೋಟೋ ಎದುರು ನಿಂತು ಕೇಳಿದ್ದು ಇವತ್ತಿಗೂ ಮರೆತಿಲ್ಲ. ಯಾಕೆ? ಏಳು ಜನ. ಲಾಸ್ಟ್ ಬೆಂಚ್ ಇಲ್ಲ!

ಇನ್ನೊಬ್ಬರು, "ಚಿಕ್ಕ ಕಡೆ ಕೋರ್ಸೇ ಸಿಗಲ್ಲ." ಹೌದು, ಒಂದೊಂದು ಕೋರ್ಸು ಎರಡು ವರ್ಷಕ್ಕೊಮ್ಮೆ ಬರೋದು. ಬೆಂಗಳೂರಲ್ಲಿ ಬಸ್ಸಿಗೆ ಕಾದು ಬೆಳೆದವಳು ನಾನು, ಇದೊಂದು ಕಷ್ಟಾನಾ? ದೊಡ್ಡದು ದೊಡ್ಡದು ಅಂತೀರಲ್ಲ, ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿ ಎಷ್ಟು ದೊಡ್ಡದು! 2023ರಲ್ಲಿ ವಿದೇಶಿ ಭಾಷೆಗಳ ಡಿಗ್ರಿಗಳನ್ನೇ ತೆಗೆದು ಹಾಕ್ತು. ಅತ್ತ ವರ್ಮಾಂಟ್ ರಾಜ್ಯದ ಪುಟ್ಟ ಮಿಡಲ್‌ಬರಿ ಕಾಲೇಜಲ್ಲಿ ಬೇಸಿಗೆ ಭಾಷಾ ಶಾಲೆ 1915ರಿಂದ ನಡೀತಿದೆ. ಕಲಿಯೋ ಭಾಷೆ ಬಿಟ್ಟು ಬೇರೆ ಮಾತಾಡಲ್ಲ ಅಂತ ಪ್ರತಿಜ್ಞೆ ಮಾಡಿಸ್ತಾರೆ. ಸಕ್ಕರೆ ಬೇಕಾದ್ರೂ "ಅಸೂಕಾರ್" ಅನ್ಬೇಕು!

"ಕೆಲಸ ಸಿಗುತ್ತಾ?" ಅಮೆರಿಕಾದಲ್ಲಿ 4 ಕೋಟಿಗಿಂತ ಹೆಚ್ಚು ಜನ ಮನೆಲಿ ಸ್ಪ್ಯಾನಿಷ್ ಮಾತಾಡ್ತಾರೆ. ಅವರಿಗೆ ಆಸ್ಪತ್ರೆ ಬೇಡ್ವಾ, ಕೋರ್ಟ್ ಬೇಡ್ವಾ, ದುಭಾಷಿ ಬೇಡ್ವಾ? ಮುಂದಿನ ಪ್ರಶ್ನೆ.

ಮುಂದಿನ ಪ್ರಶ್ನೆ ಇಲ್ಲ. ಇದ್ರೂ ಉತ್ತರ ಅದೇ, ಏಳು ಜನ. ಆಪಿನ ಚಿಹ್ನೆಯಾದ ಗೂಬೆ "ಇವತ್ತು ಪಾಠ ಮಾಡಿಲ್ಲ" ಅಂತ ನೋಟಿಫಿಕೇಶನ್ ಕಳ್ಸುತ್ತೆ, ಒರೆಸಿ ಹಾಕ್ತೀರ. ನಮ್ಮಲ್ಲಿ ಒಬ್ಬಳು ಬರಲಿಲ್ಲ ಅಂದ್ರೆ ಕ್ಲಾಸಿನ ಏಳನೇ ಒಂದು ಭಾಗವೇ ಖಾಲಿ! ನಂಗೆ ಜ್ವರ ಬಂದಾಗ ಮೇಡಂ ಫೋನ್ ಮಾಡಿದ್ರು ರೀ. ಸ್ಪ್ಯಾನಿಷಲ್ಲೇ. ಜ್ವರದಲ್ಲೂ ಬಿಡಲಿಲ್ಲ!

ಸರಿ, ಉಸಿರು ಕಟ್ತಿದೆ. ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಭಾನುವಾರ ಲೈವಲ್ಲಿ ಕನ್ನಡದಲ್ಲೇ ಸ್ಪ್ಯಾನಿಷ್ ಪಾಠ. ಹೋದ ವಾರ ಬಂದಿದ್ದು ಆರು ಜನ. ಆ ಕಾಮೆಂಟ್ ಹಾಕಿದ ಮಹಾನುಭಾವರೇ, ಒಂದು ಸೀಟ್ ಖಾಲಿ ಇದೆ, ಮುಂದಿನ ಸಾಲಲ್ಲೇ. ಆಸ್ತಾ ಲ್ವೆಗೊ!