ಹೊಳೆಗೂ ಕಡಲಿಗೂ ನಡುವೆ ಒಂದು ಸೈಕಲ್ ದಾರಿ

ಕೇಳುಗರಿಗೆ ನಮಸ್ಕಾರ.

ಉಡುಪಿ ಜಿಲ್ಲೆಯ ಕಾಪುವಿನಿಂದ ಮಲ್ಪೆಗೆ ಹೋಗುವವರು ಸಾಮಾನ್ಯವಾಗಿ ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿದು, ಉಡುಪಿಯ ಕರಾವಳಿ ಜಂಕ್ಷನ್ನಿನಲ್ಲಿ ಎಡಕ್ಕೆ ಹೊರಳಿ ಬಂದರು ಸೇರುತ್ತಾರೆ. ಕಡಲೂರಿನಿಂದ ಕಡಲೂರಿಗೆ ಹೋದರೂ ಈ ದಾರಿಯಲ್ಲಿ ಕಡಲು ಮಾತ್ರ ಕಾಣುವುದಿಲ್ಲ. ಅದನ್ನು ಕಣ್ಣಳತೆಯಿಂದ ಹೆಚ್ಚು ದೂರ ಬಿಡದೆ ಸಾಗುವ ಇನ್ನೊಂದು ದಾರಿಯಿದೆ. ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ, ಕಪ್ಪು ಬಿಳುಪು ಪಟ್ಟೆಗಳ ದೀಪಸ್ತಂಭದ ಬಳಿಯಿಂದ ಹೊರಟು, ಕೈಪುಂಜಾಲು, ಮಟ್ಟು, ಉದ್ಯಾವರದ ಪಡುಕರೆಗಳನ್ನು ಹಾದು, ಕೊನೆಗೆ ಸೇತುವೆ ದಾಟಿ ಮಲ್ಪೆಗೆ ಇಳಿಯುವ ಈ ದಾರಿ ಸುಮಾರು 15 ಕಿಲೋಮೀಟರ್ ಉದ್ದವಿದೆ. ಮಳೆಗಾಲ ಕಳೆದ ಮೇಲೆ ತಿಂಗಳಿಗೊಂದು ಭಾನುವಾರ ನಾವು ಹತ್ತು ಹನ್ನೆರಡು ಮಂದಿ ಇಲ್ಲಿ ಸೈಕಲ್ ತುಳಿಯುತ್ತೇವೆ. ನಮ್ಮ ಗುಂಪಿಗೆ ಹೆಸರಿಲ್ಲ, ಅಧ್ಯಕ್ಷರಿಲ್ಲ. ನನ್ನಂಥ ನಿವೃತ್ತರು ಮೂವರು, ಬ್ಯಾಂಕಿನವರು, ಒಬ್ಬರು ದಂತವೈದ್ಯೆ, ಕಾಲೇಜಿನ ಹುಡುಗರು ಮತ್ತು ತಂದೆಯೊಡನೆ ಬರುವ ಹದಿಮೂರು ವರ್ಷದ ಒಬ್ಬಳು ಹುಡುಗಿ ಅದರಲ್ಲಿದ್ದೇವೆ.

ಪಡು ಎಂದರೆ ಪಶ್ಚಿಮ, ಕರೆ ಎಂದರೆ ದಡ. ಪಡುಕರೆ ಎಂಬ ಹೆಸರಿನಲ್ಲಿಯೇ ಆ ನೆಲದ ನಕ್ಷೆಯಿದೆ. ಉದ್ಯಾವರ ಹೊಳೆ ಕಡಲಿನ ತೀರ ಹತ್ತಿರಕ್ಕೆ ಬಂದೂ ಅಲ್ಲಿಯೇ ಅದನ್ನು ಸೇರುವುದಿಲ್ಲ. ಅಲೆಗಳು ಮತ್ತು ದಡದುದ್ದಕ್ಕೆ ಹರಿಯುವ ನೀರು ತಂದು ಪೇರಿಸಿದ ಹೊಯಿಗೆಯ, ಎಂದರೆ ಮರಳಿನ, ದಿಬ್ಬ ಅಡ್ಡವಾದ್ದರಿಂದ ಅದು ಉತ್ತರಕ್ಕೆ ತಿರುಗಿ, ಕಡಲಿಗೆ ಸಮನಾಗಿ ಬಹುದೂರ ಹರಿದು, ಮಲ್ಪೆಯ ಅಳಿವೆಯಲ್ಲಿ ಹೊರಬೀಳುತ್ತದೆ. ಆ ದಿಬ್ಬದ ಮೇಲೆಯೇ ಮನೆಗಳಿವೆ, ತೆಂಗಿನ ತೋಟಗಳಿವೆ, ಭಜನಾ ಮಂದಿರಗಳಿವೆ, ನಮ್ಮ ರಸ್ತೆಯೂ ಇದೆ. ಕೆಲವು ಕಡೆ ಈ ನೆಲ ಎಷ್ಟು ಕಿರಿದೆಂದರೆ, ಎಡಗಡೆ ಅಲೆ ಒಡೆಯುವ ಸದ್ದನ್ನು ಕೇಳುತ್ತಲೇ ಬಲಗಡೆ ಹೊಳೆಯಲ್ಲಿ ಅಲುಗದೆ ನಿಂತ ದೋಣಿಯನ್ನು ನೋಡಬಹುದು. ಮಲ್ಪೆಯ ಸೇತುವೆ ಆಗುವ ಮೊದಲು ಇಲ್ಲಿಯವರಿಗೆ ಎದುರಿಗೇ ಕಾಣುವ ಬಂದರಿಗೆ ಹೋಗಲು ದೋಣಿ ಬೇಕಾಗಿತ್ತು.

ಇಂಥ ಸಪಾಟು ನೆಲದಲ್ಲಿ ಸೈಕಲ್ ತುಳಿಯುವುದು ಸುಲಭವೆಂದು ಮೊದಲ ಸಲ ನಾವೂ ತಿಳಿದಿದ್ದೆವು. ಕರಾವಳಿಯಲ್ಲಿ ಏರು ಇರುವುದು ಗಾಳಿಯಲ್ಲಿ. ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಜಾವದಲ್ಲಿ ಗಾಳಿ ನೆಲದಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಅದು ದಿಕ್ಕು ಬದಲಿಸಿ ಕಡಲಿನಿಂದ ಬೀಸತೊಡಗುತ್ತದೆ, ಚಳಿಗಾಲದಲ್ಲಂತೂ ಹೆಚ್ಚಾಗಿ ವಾಯುವ್ಯದಿಂದ. ಮೊದಲ ಭಾನುವಾರ ನಾವು ಮಲ್ಪೆಯಿಂದ ಹೊರಟು, ಕಾಪುವಿನಲ್ಲಿ ನಿಧಾನವಾಗಿ ತಿಂಡಿ ಮುಗಿಸಿ, ಹನ್ನೊಂದು ಗಂಟೆಗೆ ಉತ್ತರಕ್ಕೆ ಮುಖ ಮಾಡಿದೆವು. ಹೋಗುವಾಗ ಒಂದು ಗಂಟೆ ಹಿಡಿದ ದಾರಿಗೆ ಮರಳುವಾಗ ಎರಡು ಗಂಟೆಗೂ ಮಿಕ್ಕಿ ಹಿಡಿಯಿತು. ಅಂದಿನಿಂದ ಕಾಪುವಿನಿಂದಲೇ ಹೊರಡುತ್ತೇವೆ. ಗಾಳಿ ಏಳುವ ಮೊದಲು ಮಲ್ಪೆ ಮುಟ್ಟಿ, ಬನ್ಸು ಚಹಾ ಮುಗಿಸಿ, ಬೆನ್ನಿಗೆ ಗಾಳಿ ಹಾಕಿಕೊಂಡು ತೆಂಕಕ್ಕೆ ಮರಳುತ್ತೇವೆ. ನಾಡದೋಣಿಯಲ್ಲಿ ಹಾಯಿ ಕಟ್ಟುತ್ತಿದ್ದವರಿಗೆ ಇದು ಹುಟ್ಟಿನಿಂದ ಗೊತ್ತಿದ್ದ ಸಂಗತಿಯಾಗಿರಬೇಕು. ನಮಗೆ ಮೊಣಕಾಲು ನೋಯಿಸಿಕೊಂಡೇ ಕಲಿಯಬೇಕಾಯಿತು.

ಹೊಯಿಗೆಯದು ಇನ್ನೊಂದು ಪಾಠ. ರಸ್ತೆ ದಡಕ್ಕೆ ತೀರ ಹತ್ತಿರವಾದಲ್ಲಿ ಗಾಳಿ ತಂದ ಹೊಯಿಗೆ ಡಾಂಬರಿನ ಮೇಲೆ ಹಾಸಿಕೊಂಡಿರುತ್ತದೆ. ಅದರ ಮೇಲೆ ಬ್ರೇಕು ಹಿಡಿದರೆ ಅಥವಾ ಹ್ಯಾಂಡಲು ತಿರುಗಿಸಿದರೆ ಸೈಕಲು ಜಾರುವುದು ಖಂಡಿತ. ತುಳಿಯುವುದನ್ನು ನಿಲ್ಲಿಸದೆ ನೇರವಾಗಿ ದಾಟಬೇಕು. ಆದ್ದರಿಂದ ಮುಂದಿರುವವರು "ಹೊಯಿಗೆ" ಎಂದು ಕೂಗಿದರೆ ಆ ಕೂಗು ಸಾಲಿನ ಕೊನೆಯವರೆಗೆ ಬಾಯಿಂದ ಬಾಯಿಗೆ ಹೋಗುತ್ತದೆ. ಉಪ್ಪುಗಾಳಿ ಚೈನನ್ನು ಬೇಗ ತಿನ್ನುವುದರಿಂದ ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡುವುದೂ ಸವಾರಿಯ ಭಾಗವೇ.

ನಮ್ಮಲ್ಲಿ ಇರುವ ಕಟ್ಟಳೆ ಒಂದೇ: ಎಲ್ಲರಿಗಿಂತ ನಿಧಾನವಾಗಿ ಹೋಗುವವರು ಎಲ್ಲರಿಗಿಂತ ಮುಂದೆ ಇರಬೇಕು. ಹಾಗಾಗಿ ನಮ್ಮನ್ನು ಮುನ್ನಡೆಸುವುದು ಗೇರಿಲ್ಲದ, ಮುಂದೆ ಬುಟ್ಟಿಯಿರುವ ಸೈಕಲಿನ ಆ ಹುಡುಗಿ. ಇದರಿಂದ ಆರಂಭದಲ್ಲಿ ನನಗೆ ಕಿರಿಕಿರಿಯಾಗಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಸಾಕಷ್ಟು ಹಣ ಕೊಟ್ಟು ತಂದ ಹಗುರ ಸೈಕಲನ್ನು ಬುಟ್ಟಿ ಸೈಕಲಿನ ಹಿಂದೆ ತುಳಿಯುವುದೆಂದರೇನು? ಆದರೆ ಆ ವೇಗದಲ್ಲಿ ಅಂಗಳದಲ್ಲಿ ಮೀನು ಒಣಗಿಸುತ್ತಿರುವವರೊಡನೆ ಎರಡು ಮಾತಾಡಬಹುದು. ಉಸಿರು ಕಟ್ಟದೆ ಪಕ್ಕದವರ ಕಥೆ ಕೇಳಬಹುದು. ಕಳೆದ ಮಳೆಗಾಲದಲ್ಲಿ ಕಡಲು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ತಡೆಗೋಡೆಯ ಹೊಸ ಕಲ್ಲುಗಳಿಂದಲೂ ಬುಡ ಕಳಚಿದ ತೆಂಗಿನ ಮರಗಳಿಂದಲೂ ತಿಳಿಯಬಹುದು.

ಕಳೆದ ಜನವರಿಯ ಸವಾರಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಲ್ಪೆಯಿಂದ ಮರಳುವಾಗ ಪಡುಕರೆಯಲ್ಲಿ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬಂದು, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತ ಎರಡು ಸಾಲು ಜನ ಹಿಡಿದು ಎಳೆಯುವ ಹಳೆಯ ಕ್ರಮವದು. ಸೈಕಲುಗಳನ್ನು ಹೊಯಿಗೆಯ ಮೇಲೆ ಮಲಗಿಸಿ ನಾವೂ ಹಗ್ಗಕ್ಕೆ ಕೈ ಕೊಟ್ಟೆವು. ಕಾಲು ಗಂಟೆಯಲ್ಲಿ ನಮ್ಮ ಅಂಗೈ ಕೆಂಪಾಯಿತು, ನಮ್ಮ ಪಕ್ಕದಲ್ಲಿದ್ದ ಮುದುಕರಿಗೆ ಬೆವರೂ ಬಂದಿರಲಿಲ್ಲ. ಬಲೆ ದಡಕ್ಕೆ ಬಂದ ಮೇಲೆ, ಹಗ್ಗ ಹಿಡಿದವರಿಗೆ ಪಾಲು ಇದೆ ಎಂದು ನಮಗೂ ಒಂದಷ್ಟು ಬೂತಾಯಿ ಮೀನು ಕೊಟ್ಟರು. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿದ ಅದನ್ನು ಇಡುವುದಕ್ಕೆ ಹನ್ನೊಂದು ದುಬಾರಿ ಸೈಕಲುಗಳಲ್ಲಿ ಜಾಗವಿರಲಿಲ್ಲ. ಹುಡುಗಿಯ ಬುಟ್ಟಿಯೇ ಗತಿಯಾಯಿತು. ಆ ಮುದುಕರು ಹಿಂದೆ ಸೈಕಲಿನಲ್ಲಿ ಮೀನು ಮಾರುತ್ತಿದ್ದವರಂತೆ. ರಬ್ಬರಿನ ಹಾರನ್ ಒತ್ತುತ್ತ, ಕ್ಯಾರಿಯರಿನ ಮೇಲೆ ಮೀನಿನ ಬುಟ್ಟಿ ಕಟ್ಟಿಕೊಂಡು ಒಳನಾಡಿನ ಊರುಗಳಿಗೆ ಬರುತ್ತಿದ್ದವರನ್ನು ನನ್ನ ವಯಸ್ಸಿನವರು ಮರೆತಿರಲಾರರು. ಕರಾವಳಿಯ ನಿಜವಾದ ಸೈಕಲ್ ಸವಾರರು ಅವರೇ. ಆ ಮುದುಕರು ನನ್ನ ಸೈಕಲನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, "ಹಗುರ ಉಂಟು ಮಾರಾಯ್ರೆ, ಆದರೆ ಕ್ಯಾರಿಯರೇ ಇಲ್ಲವಲ್ಲ, ಮತ್ತೆ ಇದನ್ನು ಎಂಥದ್ದಕ್ಕೆ ತೆಗೊಂಡದ್ದು?" ಎಂದು ಕೇಳಿದರು.

ಮಟ್ಟುವಿಗೆ ಬಂದಾಗ ಆ ಪ್ರಶ್ನೆ ಇನ್ನಷ್ಟು ಚುಚ್ಚಿತು. ಅಲ್ಲಿ ಗದ್ದೆಯಂಚಿನಲ್ಲಿ ಆಗ ತಾನೇ ಕೊಯ್ದ ಗುಳ್ಳವನ್ನು ರಾಶಿ ಹಾಕಿದ್ದರು. ಭತ್ತದ ಕೊಯ್ಲು ಮುಗಿದ ಮೇಲೆ ಈ ಮರಳು ಬೆರೆತ ಮಣ್ಣಿನಲ್ಲಿ ಬೆಳೆಯುವ, ತೊಟ್ಟಿನಲ್ಲಿ ಮುಳ್ಳಿರುವ ಈ ಹಸಿರು ದುಂಡು ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಇದರ ಬೀಜವನ್ನು ಊರಿನವರಿಗೆ ಕೊಟ್ಟವರು ಸೋದೆ ಮಠದ ವಾದಿರಾಜರು ಎಂಬ ನಂಬಿಕೆಯೂ ಇದೆ. ಎಲ್ಲರೂ ಒಂದೊಂದು ಕಿಲೋ ಕೊಂಡರು. ಬುಟ್ಟಿಯಲ್ಲಿ ಆಗಲೇ ಬೂತಾಯಿ ಇತ್ತು; ಮಠಕ್ಕೆ ಸಲ್ಲುವ ಗುಳ್ಳವನ್ನು ಅದರ ಮೇಲೆ ಇಡುವುದಕ್ಕೆ ನಮ್ಮಲ್ಲಿ ಇಬ್ಬರು ಯಾವ ಮಾತಿಗೂ ಒಪ್ಪಲಿಲ್ಲ. ನಾನು ಚೀಲವನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡೆ. ಕಾಪು ತಲುಪುವಷ್ಟರಲ್ಲಿ ಅದು ಎರಡು ಸಲ ಚಕ್ರದ ಕಡ್ಡಿಗೆ ಸಿಕ್ಕಿ, ಮೂರು ಗುಳ್ಳ ರಸ್ತೆಪಾಲಾದವು.

ಮರುವಾರವೇ ನಾನು ಕ್ಯಾರಿಯರ್ ಹಾಕಿಸಿದೆ. ಈ ಸೈಕಲಿಗೆ ಅದು ಚೆಂದ ಕಾಣುವುದಿಲ್ಲ ಎಂದು ಅಂಗಡಿಯ ಹುಡುಗ ಎರಡೆರಡು ಸಲ ಹೇಳಿದ. ಫೆಬ್ರವರಿಯ ಸವಾರಿಯಲ್ಲಿ ಇನ್ನೂ ನಾಲ್ಕು ಸೈಕಲುಗಳಿಗೆ ಕ್ಯಾರಿಯರ್ ಬಂದಿತ್ತು. ಒಂದಕ್ಕೆ ರಬ್ಬರಿನ ಹಾರನ್ ಕೂಡ.

ನಮಸ್ಕಾರ.