ಎಣ್ಣೆಬಾವಿಯ ಒರತೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಕಾರವಾರದ ನಮ್ಮ ಮನೆಯ ಬಾವಿಯನ್ನು ಬೇಸಿಗೆಯ ಕೊನೆಗೆ ಪಂಪ್ ಹಚ್ಚಿ ಬರಿದು ಮಾಡಿ ಕೆಸರು ತೆಗೆಸುವುದುಂಟು. ಪಂಪ್ ನಿಂತ ಮೇಲೆ ಅಜ್ಜ ಗಂಟು ಹಾಕಿದ ಹಗ್ಗದಲ್ಲಿ ಕೊಡಪಾನ ಇಳಿಬಿಟ್ಟು, ಗಂಟೆಗೊಮ್ಮೆ ನೀರು ಎಷ್ಟು ಗಂಟು ಏರಿತೆಂದು ನೋಡುತ್ತಿದ್ದರು. ಚಿರೇಕಲ್ಲಿನ ಸಂದಿಯ ಒರತೆ ಎಷ್ಟು ಜೋರಾಗಿದೆ ಎಂಬುದು ಅವರಿಗೆ ಹಾಗೆ ತಿಳಿಯುತ್ತಿತ್ತು.

ನಮ್ಮ ಇದೇ ಅರಬ್ಬೀ ಸಮುದ್ರದಲ್ಲಿ, ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದ ಬಾಂಬೆ ಹೈ ಪ್ರದೇಶದಲ್ಲಿ 1974ರಲ್ಲಿ ತೈಲ ಸಿಕ್ಕಿತು. ಅಂಥ ಬಾವಿಗಳನ್ನು ಪರೀಕ್ಷಿಸುವ ತತ್ವವೂ ಅಜ್ಜನ ಹಗ್ಗದ್ದೇ. ನೆಲದಡಿಯ ತೈಲ ಕೆರೆಯಂತೆ ನಿಂತಿರುವುದಿಲ್ಲ. ಸುಣ್ಣಕಲ್ಲಿನ ಅಥವಾ ಮರಳುಗಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಒತ್ತಡದಿಂದ ಅಡಗಿರುತ್ತದೆ. ಬಾವಿಯಿಂದ ಒಂದೇ ಪ್ರಮಾಣದಲ್ಲಿ ತೈಲ ಹರಿಸಿ, ಬಳಿಕ ಕವಾಟ ಮುಚ್ಚಿ, ತಳಕ್ಕೆ ಇಳಿಸಿದ ಮಾಪಕದಲ್ಲಿ ಒತ್ತಡ ಏರುವ ಬಗೆಯನ್ನು ದಾಖಲಿಸುತ್ತಾರೆ. ಈ ಗಣಿತದ ಬೇರು ನೀರಿನ ಬಾವಿಯಲ್ಲೇ ಇದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ: 1935ರಲ್ಲಿ ಅಮೆರಿಕದ ಚಾರ್ಲ್ಸ್ ಥೈಸ್ ಅಂತರ್ಜಲಕ್ಕೆ ಕಂಡುಕೊಂಡ ಸೂತ್ರದ ದಾರಿಯಲ್ಲೇ 1951ರಲ್ಲಿ ತೈಲ ಎಂಜಿನಿಯರ್ ಹಾರ್ನರ್ ಎಣ್ಣೆಬಾವಿಯಲ್ಲಿ ಒತ್ತಡ ಏರುವ ಬಗೆಯ ರೇಖಾಚಿತ್ರವನ್ನು ಕೊಟ್ಟರು. ಅದರಲ್ಲಿನ ಸರಳರೇಖೆಯ ಇಳಿಜಾರಿನಿಂದ ಶಿಲೆಯಲ್ಲಿ ತೈಲ ಎಷ್ಟು ಸಲೀಸಾಗಿ ಹರಿಯುತ್ತದೆಂದು ಲೆಕ್ಕ ಹಾಕಬಹುದು.

ಈ ಪರೀಕ್ಷೆಯ ನಿಜವಾದ ಉಪಕಾರ ಇನ್ನೊಂದು ಕಡೆಯಿದೆ. ಬಾವಿ ಕೊರೆಯುವಾಗ ಬಳಸುವ ಕೆಸರು ಸುತ್ತಲಿನ ಶಿಲೆಯ ರಂಧ್ರಗಳಿಗೆ ಮೆತ್ತಿಕೊಂಡು, ಬಾವಿಯ ಗೋಡೆಯ ಬಳಿ ಅಂಗೈಯಗಲದ ಜಾಗದಲ್ಲೇ ಹರಿವನ್ನು ಕಟ್ಟಿಹಾಕಬಲ್ಲದು. ಆಗ ಇಡೀ ನಿಕ್ಷೇಪವೇ ಬಡವಾಗಿದೆ ಎಂದು ತಪ್ಪು ತಿಳಿಯುವ ಅಪಾಯವಿದೆ. ಅಡ್ಡಿ ಗೋಡೆಯಲ್ಲಿದೆಯೋ ಶಿಲೆಯಲ್ಲಿದೆಯೋ ಎಂಬುದನ್ನು ಒತ್ತಡದ ರೇಖೆ ಬೇರ್ಪಡಿಸಿ ತೋರಿಸುತ್ತದೆ. ಗೋಡೆಯಲ್ಲಿದ್ದರೆ, ಸುಣ್ಣಕಲ್ಲಿನ ಬಾವಿಗೆ ಆಮ್ಲ ಹಾಯಿಸಿ ತೊಳೆದರೆ ಸಾಕಾಗಬಹುದು. ಹೊಸ ಬಾವಿಯ ಭಾರಿ ಖರ್ಚು ಉಳಿಯುತ್ತದೆ.

ಎಷ್ಟು ವೇಗದಲ್ಲಿ ತೆಗೆಯಬೇಕೆಂಬುದೂ ಇದರಿಂದಲೇ ನಿರ್ಧಾರವಾಗುತ್ತದೆ. ಸಮುದ್ರದಂಚಿನ ಬಾವಿಯಿಂದ ಮಿತಿಮೀರಿ ನೀರೆತ್ತಿದರೆ ಸವುಳು ನುಗ್ಗುವಂತೆ, ಎಣ್ಣೆಬಾವಿಯಲ್ಲೂ ಅವಸರ ಮಾಡಿದರೆ ಅಡಿಯ ನೀರು ಮೇಲೇರಿ ಬರುತ್ತದೆ. ಒತ್ತಡ ತೀರ ಕುಸಿದರೆ ತೈಲದೊಳಗೆ ಕರಗಿದ್ದ ಅನಿಲ ಶಿಲೆಯಲ್ಲೇ ಬೇರ್ಪಟ್ಟು, ತಾನೇ ಮುಂದೆ ಹರಿದು ತೈಲವನ್ನು ಹಿಂದೆ ಉಳಿಸುತ್ತದೆ.

ಬಾವಿ ಮುಚ್ಚಿದಷ್ಟು ಹೊತ್ತು ಉತ್ಪಾದನೆ ನಿಲ್ಲುವುದು ನಿಜ. ಆ ನಷ್ಟಕ್ಕೆ ಹೆದರಿ ಪರೀಕ್ಷೆಯನ್ನು ಮುಂದೂಡುವುದು ಸರಿಯಲ್ಲವೆಂದು ನಾನು ಒತ್ತಿ ಹೇಳುತ್ತೇನೆ. ಅನಿಲದ ನಿಕ್ಷೇಪದಲ್ಲಂತೂ ವರ್ಷವರ್ಷ ಅಳೆದ ಒತ್ತಡವನ್ನು ಅದುವರೆಗೆ ತೆಗೆದ ಅನಿಲದ ಪ್ರಮಾಣದೊಡನೆ ಇಟ್ಟು ನೋಡಿದರೆ, ಹೊರಗಿನಿಂದ ನೀರು ನುಗ್ಗದಿದ್ದಲ್ಲಿ, ಮೊದಲು ಎಷ್ಟಿತ್ತು, ಇನ್ನೆಷ್ಟು ಉಳಿದಿದೆ ಎಂಬ ಅಂದಾಜು ಕೈಗೆ ಸಿಗುತ್ತದೆ.