ಹವ್ಯಾಸವೆಂಬ ಕೊನೆಯ ಸಾಲು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ವಿಜಯನಗರದಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಅಲ್ಲಿಯ ಹುಡುಗ ಬಯೋಡೇಟಾವನ್ನೂ ಟೈಪ್ ಮಾಡಿಕೊಡುತ್ತಾನೆ. ಹೆಸರು, ವಿಳಾಸ, ಅಂಕ ಇಷ್ಟನ್ನು ನೀವು ಹೇಳಿದರೆ ಸಾಕು, ಹವ್ಯಾಸವನ್ನು ಅವನೇ ತುಂಬಿಸುತ್ತಾನೆ: ಸಂಗೀತ ಕೇಳುವುದು, ಪುಸ್ತಕ ಓದುವುದು, ಕ್ರಿಕೆಟ್ ಆಡುವುದು. ಒಂದು ಬೆಳಿಗ್ಗೆ ನನ್ನ ಮೇಜಿಗೆ ಬಂದ ಹನ್ನೊಂದು ಅರ್ಜಿಗಳಲ್ಲಿ ಇದೇ ಮೂರು ಹವ್ಯಾಸಗಳು ಇದೇ ಕ್ರಮದಲ್ಲಿದ್ದವು. ಸಂಗೀತ ಎಂಬುದರ ಇಂಗ್ಲಿಷ್ ಕಾಗುಣಿತ ಹನ್ನೊಂದರಲ್ಲೂ ಒಂದೇ ರೀತಿ ತಪ್ಪಾಗಿತ್ತು. ವಿಚಾರಿಸಿದಾಗ ಈ ಅಂಗಡಿ ಪತ್ತೆಯಾಯಿತು.

ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಇಪ್ಪತ್ತೆರಡು ವರ್ಷ ಸಿಬ್ಬಂದಿ ವಿಭಾಗವನ್ನು ನೋಡಿಕೊಂಡವನು. ಕೆಲಸ ಕೇಳಿ ಬಂದವರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವುದೇ ನನ್ನ ಅನ್ನದ ದಾರಿಯಾಗಿತ್ತು. 'ಮೇಲಿನ ವಿವರಗಳೆಲ್ಲ ಸತ್ಯ' ಎಂಬ ಘೋಷಣೆಗೆ ತುಸು ಮೇಲೆ ಬರುವ ಆ ಹವ್ಯಾಸದ ಸಾಲು ನಮ್ಮಂಥವರ ಮೇಲೆ ಏನು ಮಾಯೆ ಮಾಡುತ್ತದೆ ಎಂಬುದನ್ನು ಇವತ್ತು ಹೇಳಬೇಕೆಂದಿದ್ದೇನೆ. ಅಭ್ಯರ್ಥಿಯ ಗುಣ ಅದರಿಂದ ತಿಳಿಯುತ್ತದೆ ಎಂದು ನಾವು ನಂಬಿರುತ್ತೇವೆ. ಬಹುಪಾಲು ಅದರಲ್ಲಿ ನಾವು ನೋಡಿಕೊಳ್ಳುವುದು ನಮ್ಮದೇ ಮುಖವನ್ನು.

ಮಧ್ಯಾಹ್ನ ಮೂರು ಗಂಟೆ ಎಂದುಕೊಳ್ಳಿ. ಊಟವಾಗಿದೆ, ಕಣ್ಣು ಎಳೆಯುತ್ತಿದೆ. ಹದಿನಾಲ್ಕು ಜನ ಬಂದುಹೋಗಿದ್ದಾರೆ. ಎಲ್ಲರದೂ ಡಿಪ್ಲೊಮಾ, ಎಲ್ಲರ ಅಂಕವೂ ಎಪ್ಪತ್ತರ ಆಸುಪಾಸು. ಹದಿನೈದನೆಯವನ ಹಾಳೆಯ ತುದಿಯಲ್ಲಿ 'ಟೇಬಲ್ ಟೆನಿಸ್' ಎಂದು ಕಾಣುತ್ತದೆ. ಪಕ್ಕದಲ್ಲಿ ಕುರ್ಚಿಗೆ ಒರಗಿದ್ದ ನಮ್ಮ ಉತ್ಪಾದನಾ ವಿಭಾಗದ ಮ್ಯಾನೇಜರ್ ನೆಟ್ಟಗಾಗುತ್ತಾರೆ. ಕಾಲೇಜಿನಲ್ಲಿ ಅವರು ಅದನ್ನೇ ಆಡಿದವರು. ಬ್ಯಾಟಿಗೆ ಯಾವ ರಬ್ಬರ್, ಪೆನ್ನಿನಂತೆ ಹಿಡಿಯುತ್ತೀಯೋ ಕೈಕುಲುಕುವಂತೆ ಹಿಡಿಯುತ್ತೀಯೋ, ಸರ್ವ್ ಎಡಕ್ಕೋ ಬಲಕ್ಕೋ ಎಂದು ಎಂಟು ನಿಮಿಷ ಮಾತು ನಡೆಯುತ್ತದೆ. ಲೇತ್ ಯಂತ್ರದ ಬಗ್ಗೆ ಎರಡು ನಿಮಿಷ. ಹುಡುಗ ಎದ್ದುಹೋದ ಮೇಲೆ ಅವರು ಹಾಳೆಯ ಮೇಲೆ ಬರೆದದ್ದು: 'ತಂಡದಲ್ಲಿ ಬೆರೆಯುವ ಗುಣವಿದೆ.' ಬಹುಮಟ್ಟಿಗೆ ಒಬ್ಬನೇ ನಿಂತು ಆಡುವ ಆಟ ಅದು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಅವರನ್ನು ಆಡಿಕೊಳ್ಳುವ ಯೋಗ್ಯತೆಯೂ ನನಗಿಲ್ಲ. ನನ್ನದು ಬೆಟ್ಟ ಹತ್ತುವ ಚಟ. ಒಮ್ಮೆ ಒಬ್ಬ ಹುಡುಗ 'ಚಾರಣ, ಕುಮಾರ ಪರ್ವತ' ಎಂದು ಬರೆದಿದ್ದ. ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತುವವರಿಗೆ ದಾರಿಯಲ್ಲಿ ಭಟ್ಟರ ಮನೆ ಸಿಗುತ್ತದೆ. ಬೆವತು ಬಂದವರಿಗೆ ಅಲ್ಲಿಯ ಅನ್ನ ಮಜ್ಜಿಗೆಯೇ ಅಮೃತ. 1,712 ಮೀಟರ್ ಎತ್ತರದ ಶಿಖರ ಮರೆತರೂ ಆ ಊಟವನ್ನು ಯಾರೂ ಮರೆಯುವುದಿಲ್ಲ. 'ಭಟ್ಟರ ಮನೆಯಲ್ಲಿ ಏನು ಊಟ ಮಾಡಿದೆಯಪ್ಪಾ?' ಎಂದು ಕೇಳಿದೆ. ಹುಡುಗ ಮಿಕಮಿಕ ನೋಡಿದ. 'ಯಾವ ಭಟ್ಟರು ಸಾರ್?' ಎಂದ. ಕಳ್ಳ ಸಿಕ್ಕಿದ ಎಂದುಕೊಂಡೆ. ಹಾಳೆ ಪಕ್ಕಕ್ಕೆ ಹೋಯಿತು.

ಎರಡು ವರ್ಷದ ಮೇಲೆ ಮಡಿಕೇರಿಯ ಕಡೆಯ ಗೆಳೆಯರೊಬ್ಬರಿಗೆ ಈ ಪ್ರಸಂಗವನ್ನು ಜಂಬದಿಂದ ಹೇಳಿದೆ. ಅವರು ನಗಲಿಲ್ಲ. 'ಸೋಮವಾರಪೇಟೆಯ ಕಡೆಯಿಂದ ಇನ್ನೊಂದು ದಾರಿ ಇದೆಯಲ್ಲ? ಆ ಬೆಟ್ಟವನ್ನು ನಾವು ಪುಷ್ಪಗಿರಿ ಅನ್ನುತ್ತೇವೆ. ಆ ದಾರಿಯಲ್ಲಿ ಯಾವ ಭಟ್ಟರ ಮನೆಯೂ ಇಲ್ಲ' ಎಂದರು. ಆ ಹುಡುಗನ ಊರು ಸೋಮವಾರಪೇಟೆ ತಾಲ್ಲೂಕು ಎಂದು ಹಾಳೆಯಲ್ಲೇ ಇತ್ತು. ಅವನ ಹೆಸರು ನನಗೆ ನೆನಪಿಲ್ಲ. 'ಯಾವ ಭಟ್ಟರು ಸಾರ್' ಎಂಬುದು ಮಾತ್ರ ಆಗಾಗ ಕಿವಿಯಲ್ಲಿ ಕೇಳಿಸುತ್ತದೆ.

ಇದು ಪೀಣ್ಯಕ್ಕೆ ಮಾತ್ರ ಅಂಟಿದ ರೋಗವಲ್ಲ. ಲಾರೆನ್ ರಿವೆರಾ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ ದೊಡ್ಡ ಸಂಬಳದ ಬ್ಯಾಂಕು, ಸಲಹಾ ಸಂಸ್ಥೆ ಮತ್ತು ವಕೀಲರ ಸಂಸ್ಥೆಗಳಲ್ಲಿ ಆಯ್ಕೆ ಮಾಡುವ 120 ಜನರನ್ನು ಮಾತಾಡಿಸಿ 2012ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಮ್ಮ ಹಾಗೆಯೇ ಬಿಡುವು ಕಳೆಯುವವರ ಕಡೆಗೆ ಆ ಆಯ್ಕೆಗಾರರ ಮನಸ್ಸು ವಾಲುತ್ತಿತ್ತು. 2016ರಲ್ಲಿ ರಿವೆರಾ ಅವರೂ ಆಂಡ್ರಾಸ್ ಟಿಲ್ಚಿಕ್ ಎಂಬವರೂ ಕೂಡಿ ಇನ್ನೂ ಚುರುಕಾದ ಪ್ರಯೋಗ ಮಾಡಿದರು. ಕಾನೂನು ವಿದ್ಯಾರ್ಥಿಗಳ ಕಲ್ಪಿತ ಬಯೋಡೇಟಾಗಳನ್ನು ವಕೀಲರ ಸಂಸ್ಥೆಗಳ 316 ಕಚೇರಿಗಳಿಗೆ ಕಳಿಸಿದರು. ಓದು, ಅಂಕ, ಅನುಭವ ಎಲ್ಲವೂ ಸಮಸಮ. ಉಪನಾಮ, ವಿದ್ಯಾರ್ಥಿವೇತನ, ಹವ್ಯಾಸದಂಥ ಸಣ್ಣ ಗುರುತುಗಳು ಮಾತ್ರ ಬೇರೆ. ಕೆಲವಕ್ಕೆ ಹಾಯಿದೋಣಿ, ಪೋಲೊ, ಶಾಸ್ತ್ರೀಯ ಸಂಗೀತ. ಕೆಲವಕ್ಕೆ ಓಟ, ಬೀದಿಯ ಫುಟ್‌ಬಾಲ್, ಹಳ್ಳಿಗಾಡಿನ ಸಂಗೀತ. ಹಾಯಿದೋಣಿಯ ಗಂಡಸಿಗೆ ನೂರಕ್ಕೆ ಹದಿನಾರು ಕಡೆಯಿಂದ ಸಂದರ್ಶನಕ್ಕೆ ಕರೆ ಬಂತು. ಓಟದ ಗಂಡಸಿಗೆ ನೂರಕ್ಕೆ ಒಂದು ಚಿಲ್ಲರೆ. ಹೆಂಗಸರಲ್ಲಿ ಲೆಕ್ಕ ತಿರುಗುಮುರುಗು: ಸಿರಿವಂತ ಹವ್ಯಾಸದವಳಿಗೆ ನಾಲ್ಕರ ಹತ್ತಿರ, ಬಡ ಹವ್ಯಾಸದವಳಿಗೆ ಆರರ ಮೇಲೆ. ಅನುಕೂಲಸ್ಥ ಹೆಣ್ಣುಮಗಳು ಕೆಲಸದಲ್ಲಿ ಗಟ್ಟಿಯಾಗಿ ನಿಲ್ಲುತ್ತಾಳೆಯೇ ಎಂಬ ಗುಮಾನಿ ಅಲ್ಲಿಯ ವಕೀಲರಿಗಿತ್ತು.

ಆ ಅಂಕಿಗಳನ್ನು ಓದಿದಾಗ ನನಗೆ ನಮ್ಮದೇ ಕೊಠಡಿ ಕಣ್ಣಿಗೆ ಕಟ್ಟಿತು. ಭರತನಾಟ್ಯದಲ್ಲಿ ರಂಗಪ್ರವೇಶ ಮಾಡಿದ ಹುಡುಗಿಗೆ ನಮ್ಮವರು ಕೇಳಿದ್ದು, 'ಕಾರ್ಯಕ್ರಮಗಳಿಗೆಂದು ರಜೆ ಕೇಳುತ್ತೀಯೇನಮ್ಮಾ?' ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟದಲ್ಲಿ ಓಡಿದ ಹುಡುಗನಿಗೆ ಕೇಳಿದ್ದು, 'ಭೇಷ್! ಎಷ್ಟು ನಿಮಿಷ ತೆಗೆದುಕೊಂಡೆ?' ಓಟದ ತಾಲೀಮಿಗೂ ಬೆಳಗಿನ ಹೊತ್ತು ಬೇಕಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಈ ಊರಿನಲ್ಲಿ ಆಟದಿಂದ ಕೆಲಸ ಸಿಗುವುದು ಹೊಸದೇನಲ್ಲ. ಎಚ್‌ಎಎಲ್, ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಗಳ ಫುಟ್‌ಬಾಲ್ ತಂಡಗಳು ಹೆಸರುವಾಸಿಯಾಗಿದ್ದ ಕಾಲವಿತ್ತು. ಆದರೆ ಆ ವ್ಯವಹಾರ ನೇರವಾಗಿತ್ತು. ಅಲ್ಲಿ ಬೇಕಾಗಿದ್ದದ್ದು ಗೋಲು. ಗೋಲು ಹೊಡೆಯುವವನನ್ನು ತೆಗೆದುಕೊಳ್ಳುತ್ತಿದ್ದರು. ಈಗ ನಾವು ಗೋಲು ಕೇಳುವುದಿಲ್ಲ, ಗೋಲಿನ ಹಿಂದಿರುವ 'ವ್ಯಕ್ತಿತ್ವ' ಕೇಳುತ್ತೇವೆ. ಅದನ್ನು ಅಳೆಯುವ ಕೋಲು ನಮ್ಮ ಕೈಯಲ್ಲಿಲ್ಲ. ಮಂಡ್ಯದ ಕಡೆಯ ಹುಡುಗರು ಊರಿನಲ್ಲಿ ಕಬಡ್ಡಿಯಲ್ಲಿ ಮೈಕೈ ತರಚಿಕೊಂಡು ಆಡಿರುತ್ತಾರೆ, ಇಲ್ಲಿಗೆ ಬಂದ ಮೇಲೆ ಅದನ್ನು ಮುಚ್ಚಿಟ್ಟು 'ಬ್ಯಾಡ್ಮಿಂಟನ್' ಎಂದು ಬರೆಯುತ್ತಾರೆ. ಯಾರೂ ಹಾಗೆಂದು ಕಲಿಸಿದ್ದಲ್ಲ. ಗಾಳಿಯಲ್ಲೇ ಕಲಿಯುತ್ತಾರೆ.

ಹಾಗಾದರೆ ಹವ್ಯಾಸದ ಸಾಲು ಬೇಡವೇ? ಬೇಕು. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ರೇಡಿಯೊ ಕೇಂದ್ರ ತೆರೆದರು. ಆಕಾಶವಾಣಿ ಎಂಬ ಹೆಸರು ಆ ಕೇಂದ್ರದ್ದೇ. ಮನೆಯೊಳಗಿನ ಗೀಳು ನಾಡಿನ ದನಿಯಾಯಿತು. ಅಂಥವರಿಗೆ 'ನಿಮ್ಮ ಹವ್ಯಾಸವೇನು' ಎಂದು ಕೇಳಿ ಪ್ರಯೋಜನವಿಲ್ಲ. 'ಯಂತ್ರ ಕೈಕೊಟ್ಟ ದಿನ ಏನು ಮಾಡಿದಿರಿ' ಎಂದು ಕೇಳಬೇಕು. ಈಚಿನ ವರ್ಷಗಳಲ್ಲಿ ನಾನು ಈ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡಿದ್ದೆ: ಅದರಲ್ಲಿ ನಿನಗೆ ಯಾವುದು ಬರುವುದಿಲ್ಲ? ಜೆರಾಕ್ಸ್ ಅಂಗಡಿಯ ಹವ್ಯಾಸದವರು 'ಎಲ್ಲ ಬರುತ್ತದೆ ಸಾರ್' ಎನ್ನುತ್ತಾರೆ. ನಿಜವಾಗಿ ಕೊಳಲು ಊದುವವನು ತಾರಸ್ಥಾಯಿಯಲ್ಲಿ ತನ್ನ ಉಸಿರು ಎಲ್ಲಿ ಒಡೆಯುತ್ತದೆ ಎಂದು ಹೇಳತೊಡಗಿದರೆ ನಿಲ್ಲಿಸುವುದಿಲ್ಲ.

ಈ ಪ್ರಶ್ನೆಯನ್ನೂ ಒಬ್ಬ ಹುಡುಗಿ ತಲೆಕೆಳಗು ಮಾಡಿದಳು. ಗುಣಮಟ್ಟ ಪರೀಕ್ಷೆಯ ವಿಭಾಗಕ್ಕೆ ಬಂದಿದ್ದಳು. ಹವ್ಯಾಸದ ಜಾಗ ಖಾಲಿ. 'ಏನೂ ಇಲ್ಲ ಸಾರ್, ಸಮಯ ಸಿಗುತ್ತಿರಲಿಲ್ಲ' ಎಂದಳು. ಮ್ಯಾನೇಜರ್ ಹಾಳೆ ಮಗುಚಿದರು. ಅವಳ ಬಲಗೈ ತೋರುಬೆರಳಿನ ಮೇಲೆ ದಾರ ಕೊಯ್ದ ಗೆರೆಗಳಿದ್ದವು, ಹೊಸವು, ಹಳೆಯವು. ಏನೆಂದು ಕೇಳಿದೆ. ಸೀರೆಗೆ ಕುಚ್ಚು ಕಟ್ಟುತ್ತೇನೆ ಎಂದಳು. ಕಾಲೇಜು ಮುಗಿಸಿ ಬಂದು ರಾತ್ರಿ ಹತ್ತರವರೆಗೆ ದಿನಕ್ಕೆ ಒಂದು ಸೀರೆ. ಒಂದೊಂದು ಕುಚ್ಚಿಗೂ ಎಳೆ ಎಣಿಸುತ್ತೀಯಾ ಎಂದೆ. 'ಮೊದಮೊದಲು ಎಣಿಸುತ್ತಿದ್ದೆ. ಈಗ ಒಂದು ಎಳೆ ಕಡಿಮೆಯಾದರೆ ಬೆರಳಿಗೇ ಗೊತ್ತಾಗುತ್ತದೆ' ಎಂದಳು. 0.02 ಮಿಲಿಮೀಟರ್‌ವರೆಗೆ ಅಳೆಯುವ ವರ್ನಿಯರ್ ಕ್ಯಾಲಿಪರ್ ಹಿಡಿಯಲು ನಾವು ಕೈ ಹುಡುಕುತ್ತಿದ್ದೆವು. ಮ್ಯಾನೇಜರ್ ಮಗುಚಿದ ಹಾಳೆಯನ್ನು ಮತ್ತೆ ಮೇಲಕ್ಕೆ ತಿರುಗಿಸಿದರು. ಅವಳ ಪಾಲಿಗೆ ಅದು ಹವ್ಯಾಸವಾಗಿರಲಿಲ್ಲ, ಮನೆಯ ಬಾಡಿಗೆಯಾಗಿತ್ತು. ಹಾಗಾಗಿ ಬರೆಯಬೇಕೆಂದೇ ಅನಿಸಿರಲಿಲ್ಲ.

ಮರುವರ್ಷ ನಮ್ಮ ಅರ್ಜಿ ನಮೂನೆಯಲ್ಲಿ 'ಹವ್ಯಾಸ' ಎಂಬುದನ್ನು ಹೊಡೆದು, 'ಓದಿನ ಹೊರಗೆ ನೀವು ದಿನವೂ ಮಾಡುತ್ತಿದ್ದ ಕೆಲಸ' ಎಂದು ಹಾಕಿಸಿದೆ. ಬಂದ ಉತ್ತರಗಳನ್ನು ಒಂದು ಸಂಜೆ ಕೂತು ಓದಿದೆ. ಹಸುವಿನ ಹಾಲು ಕರೆಯುವುದು. ಬೆಳಿಗ್ಗೆ ಐದಕ್ಕೆ ನೂರಿಪ್ಪತ್ತು ಮನೆಗೆ ಪೇಪರ್ ಹಾಕುವುದು. ಅಜ್ಜನಿಗೆ ಇನ್ಸುಲಿನ್ ಚುಚ್ಚುವುದು. ಭಜನೆಗೆ ಹಾರ್ಮೋನಿಯಂ. ತಂಗಿಗೆ ಲೆಕ್ಕ. ಜೊತೆಗೆ ನಾಲ್ಕು ಅರ್ಜಿಗಳಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡಿತ್ತು: ದಿನವೂ ಸಂಗೀತ ಕೇಳುವುದು, ದಿನವೂ ಪುಸ್ತಕ ಓದುವುದು, ದಿನವೂ ಕ್ರಿಕೆಟ್ ಆಡುವುದು. ವಿಜಯನಗರದ ಹುಡುಗ ಸಂಗೀತದ ಕಾಗುಣಿತವನ್ನು ಮಾತ್ರ ಸರಿಪಡಿಸಿಕೊಂಡಿದ್ದ.

ನಮಸ್ಕಾರ.